ಎರಡು ಅರ್ಥದ ಕಲ್

ಬೀದರ್
೧೭-೪-೨೦೧೬

ಮಚ್ಛೇಂದ್ರ ಅಣ್ಣನಿಗೆ ಜೈಭೀಮ್.

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕುವ ಬದಲು ಬರೆಯದೆಯೇ ಬಿಟ್ಟಿದ್ದೇನೆ. ಮೈಯಲ್ಲಿ ಹುಷಾರಾಗಿದ್ದೀಯಾ? ಪುಣೆಯ ನೀರು ಒಗ್ಗಿತೇ? ಅಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದಂತೆ, ಸಂತೋಷ. ಇಲ್ಲಿ ನಮ್ಮೂರು ಡಾಬಕಾದಲ್ಲಿ ಅವ್ವನ ಮೊಣಕಾಲು ಬಾತಿದೆ. ಯಾಕೆಂದು ಮುಂದೆ ಬರೆದಿದ್ದೇನೆ, ನಡುವೆ ಮಡಚಿ ಇಡಬೇಡ.

ನಮ್ಮ ಟ್ಯಾಂಕರ್ ಕಂಪನಿಯ ಮೂರು ಸರ್ವರುಗಳನ್ನು ಬೀದರ್, ಭಾಲ್ಕಿ, ಔರಾದಿನಲ್ಲಿ ಕೂರಿಸಿದವನು ನೀನೇ. ಯಾವ ಊರಿಗೆ ಯಾವಾಗ ಟ್ಯಾಂಕರ್ ಎಂಬ ಪಟ್ಟಿ ಬದಲಾದಾಗಲೆಲ್ಲ ನಾನು ಬಸ್ಸು ಹತ್ತಿ, ಒಂದೊಂದರ ಮುಂದೆ ಕೂತು ಕೈಯಾರೆ ಟೈಪು ಮಾಡುತ್ತಿದ್ದೆ. “ಹುಚ್ಚಿ, ಮಾಡೋದೆಲ್ಲಾ ಒಂದು ಫೈಲಿನ್ಯಾಗ ಬರಿ. ಇಲ್ಲೇ ಕುಂತು ಓಡ್ಸು, ಮೂರೂ ಒಂದೇ ಸಲಕ್ಕ ತಯಾರ್” ಎಂದು ನೀನು ಎರಡು ದಿನ ಕಲಿಸಿದೆ. ನನ್ನ ಮೊದಲ ಸ್ಕ್ರಿಪ್ಟು ಏಳು ಸಾಲಿನದು. ಔರಾದಿನ ಸರ್ವರಿನಿಂದ ‘ಆಯಿತು’ ಎಂದು ಉತ್ತರ ಬಂದಾಗ ಕುರ್ಚಿಯಿಂದೆದ್ದು ಕುಣಿದಿದ್ದೆ, ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ ನೀನು ಪುಣೆಯ ಬಸ್ಸು ಹತ್ತಿದೆ. ಈ ಬರದಲ್ಲಿ ಅರ್ಧ ಊರೇ ಹತ್ತಿದೆ, ನನ್ನ ಸಿಟ್ಟು ಅದಕ್ಕಲ್ಲ. ಬಾಗಿಲಲ್ಲಿ ಅವ್ವನಿಗೆ “ಕಲ್ ಬರ್ತೇನಿ” ಎಂದು ಹೇಳಿ ಹೋದೆ. ಖಾಜಾ ಮಿಯಾನ ಅಂಗಡಿಯಲ್ಲಿ ಕಂಪ್ಯೂಟರ್ ಕಲಿತವನಲ್ಲವೇ, ನಿನ್ನ ಅರ್ಧ ಮಾತು ದಖನಿ ಉರ್ದು; ಅದರಲ್ಲಿ ನಾಳೆಯೂ ಕಲ್, ನಿನ್ನೆಯೂ ಕಲ್.

ನೀನು ಬಿಟ್ಟುಹೋದದ್ದು ಎರಡು ಪಟ್ಟಿ, ಇವತ್ತಿನ ‘ಆಜ್’ ಮತ್ತು ‘ಕಲ್’. ಸೋಮವಾರ ಮ್ಯಾನೇಜರ್ ಮಾಣಿಕರಾವ್ “ಮಚ್ಛೇಂದ್ರ ಮಾಡಿಟ್ಟಾನಲ್ಲ, ನಾಳಿ ಪಟ್ಟಿ, ಅದನ್ನ ಹಾಕರಿ” ಎಂದರು. ಕಲ್ ಎಂದರೆ ನಾಳೆ ಎಂದುಕೊಂಡು ಓಡಿಸಿದೆ. ನೀನು ಬರೆದದ್ದು ನಿನ್ನೆಯ ಕಲ್! ಡಾಬಕಾದ ಹೆಸರು ಸೇರುವ ಮುಂಚಿನ ಹಳೆಯ ಪಟ್ಟಿ. ಕೈಯಾರೆ ಮಾಡಿದ್ದರೆ ತಪ್ಪು ಒಂದು ಕಡೆ ಆಗಿ, ಭಾಲ್ಕಿ ಮುಟ್ಟುವಷ್ಟರಲ್ಲಿ ಹೊಳೆಯುತ್ತಿತ್ತು. ನಿನ್ನ ವಿದ್ಯೆಯ ದೆಸೆಯಿಂದ ಅರೆನಿಮಿಷದಲ್ಲಿ ಮೂರೂ ಕಡೆ ನಮ್ಮೂರೇ ಅಳಿಸಿಹೋಯಿತು. ಮೂರು ದಿನ ಡಾಬಕಾಕ್ಕೆ ಟ್ಯಾಂಕರ್ ಇಲ್ಲ. ಅವ್ವ ಕೊಡ ಹೊತ್ತು ಗಡಿಯಾಚೆಯ ಬಾವಿಗೆ ನಡೆದು ಜಾರಿಬಿದ್ದಳು. ನನಗೇ ಫೋನು ಮಾಡಿ “ಯಾವ ಮಬ್ಬ ನಮ್ಮೂರ ಹೆಸರು ತಗದಾನ, ಕೇಳವ್ವಾ” ಎಂದಳು. “ನಾನೇ” ಎಂದೆ. ನಿನಗೆ ಫೋನಿನಲ್ಲಿ ಹೇಳಿದರೆ ನೀನು ನಕ್ಕೆ. “ಕಲ್ ಅಂದ್ರ ನಿನ್ನಿ, ಅಷ್ಟೂ ತಿಳಿಯಂಗಿಲ್ಲೇನು? ಇನ್ನ ಮುಟ್ಟಬ್ಯಾಡ, ನಾ ಇಲ್ಲಿಂದ ನೋಡ್ಕೋತೇನಿ.” ಆ ನಗುವನ್ನು ನಾನು ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ತಪ್ಪು ನನ್ನದೆಂದು ಕಚೇರಿಗೆ ಬರೆದುಕೊಟ್ಟಿದ್ದೇನೆ. ಈಗ ಪ್ರತಿ ಪಟ್ಟಿಗೂ ತಾರೀಖೇ ಹೆಸರು. ಯಾವ ಊರು ಸೇರುತ್ತದೆ, ಯಾವುದು ಬಿಡುತ್ತದೆ ಎಂದು ಸ್ಕ್ರಿಪ್ಟು ಮೊದಲೇ ತೋರಿಸುತ್ತದೆ. ನಾನು ಹೂಂ ಎಂದರಷ್ಟೇ ಮುಂದೆ ಹೋಗುತ್ತದೆ. ಅದೂ ಮೊದಲು ಔರಾದ್ ಒಂದಕ್ಕೇ, ಅಲ್ಲಿ ಸರಿಬಂದರೆ ಉಳಿದೆರಡಕ್ಕೆ. ಇದನ್ನು ನೀನು ಕಲಿಸಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ಹೇಳು ಎಂದಳು, ಹೇಳಿದ್ದೇನೆ.

ನಿನ್ನ ತಂಗಿ,
ಶಾಲು

ತಾ.ಕ.: ನಿನ್ನ ಪಾಸ್‌ವರ್ಡನ್ನು ಮೂರೂ ಸರ್ವರಿನಿಂದ ತೆಗೆದಿದ್ದೇನೆ, ಒಂದೇ ಸ್ಕ್ರಿಪ್ಟು, ಒಂದೇ ಸಲ. ಅಲ್ಲಿಂದ ನೋಡಿಕೊಳ್ಳುವುದು ಬೇಡ. ನಿನ್ನೆ ಊರಿಗೆ ಹೋಗಿದ್ದೆ. ಅವ್ವ ಬಾತ ಕಾಲಿನಲ್ಲೇ ಬಾಗಿಲಿಗೆ ಬಂದು “ಕಲ್ ಬರ್ತೇನಿ ಅಂದಿದ್ದ, ಬರಲಿಲ್ಲಲ್ಲ” ಎಂದಳು. ಹೇಳಿಬಿಟ್ಟೆ: “ಅವ್ವಾ, ಅಣ್ಣನ ಮಾತಿನ್ಯಾಗ ಕಲ್ ಅಂದ್ರ ನಿನ್ನಿ.”