ಬಾರ್ಗಿಲ್ ದೊರೆಯ ಕಲ್ಲು

ಅವ್ವಾ,

ನಾನು ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು. ಆದರೆ ನೀನು ಯಾವತ್ತೂ ಕೇಳುತ್ತಿದ್ದದ್ದು ನನ್ನ ಕ್ಷೇಮವನ್ನಲ್ಲ, ವಯಸ್ಸನ್ನು. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಮೂವತ್ತನಾಲ್ಕು ತುಂಬಿತು. ಮೂವತ್ತೊಂದನ್ನು ದಾಟಿ ಬಂದಿದ್ದೇನೆ. ಓದು ಬಾರದವಳಿಗೆ ಕಾಗದ ಬರೆಯುತ್ತಾನಲ್ಲ, ಇವನಿಗೇನು ತಲೆ ಕೆಟ್ಟಿದೆಯೇ ಎಂದು ನಗಬೇಡ. ಬಾಯಲ್ಲಿ ಹೇಳಲು ಹೋದರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ನಿನಗೆ ಗೊತ್ತೇ ಇದೆ.

ಉಣ್ಣೆ ಹಿಂಜುತ್ತಾ ಕೂತಾಗಲೆಲ್ಲ ನೀನು ನನ್ನ ಹೆಸರಿನ ಕಥೆ ಹೇಳುತ್ತಿದ್ದೆ. ನನಗಿಂತ ಮೊದಲು ಮೂರು ಕೂಸು ಹುಟ್ಟಿ ಹೋಗಿದ್ದವು. ನಾನೂ ಐದನೆಯ ದಿನದಿಂದ ಹಾಲು ಬಿಟ್ಟು ಅಳತೊಡಗಿದೆ. ಹಾಗೆ ಅಳುವ ಕೂಸು ಸತ್ತವರ ಪೈಕಿ ಯಾರದೋ ಹೆಸರು ಬೇಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಒಬ್ಬೊಬ್ಬರ ಹೆಸರನ್ನೇ ಕಿವಿಯಲ್ಲಿ ಹೇಳುತ್ತಾ ಹೋಗಬೇಕು, ಅಳು ಎಲ್ಲಿ ನಿಲ್ಲುತ್ತದೋ ಅದೇ ಹೆಸರು. ಆಯಿ, ಅಪ್ಪನ ಅವ್ವ, ನಮ್ಮ ಮನೆತನದ ಸತ್ತವರನ್ನೆಲ್ಲ ಕರೆದಳಂತೆ. ಮುತ್ತಜ್ಜ, ಅಜ್ಜ, ಬಾವಿಗೆ ಬಿದ್ದ ಕಾಕಾ, ಯಾರ ಹೆಸರಿಗೂ ನಾನು ಸುಮ್ಮನಾಗಲಿಲ್ಲ. ಕೊನೆಗೆ ಅವಳು ಬೇಸತ್ತು, "ಬಾರ್ಗಿಲ್ ದೊರೀ, ನೀ ಏನಪ ಬಂದಿದ್ದು?" ಅಂದಳಂತೆ. ನಾನು ಅಳು ನಿಲ್ಲಿಸಿ ನಿನ್ನ ಮೊಲೆಗೆ ಬಾಯಿ ಹಾಕಿದೆ. ಓಣಿಯ ತುಂಬ ಬೀರಪ್ಪ, ಮಾಳಪ್ಪಂದಿರು, ನಾನೊಬ್ಬ ಬಾರ್ಗಿಲಪ್ಪ.

ಹಳ್ಳದ ದಿಬ್ಬದ ಮೇಲೆ ಆ ದೊರೆಯ ಕಲ್ಲಿಗೆ ನೀನು ಹಾಲೆರೆಯುವಾಗ ನಾನು ನಿನ್ನ ಸೆರಗು ಹಿಡಿದು ನಿಲ್ಲುತ್ತಿದ್ದೆ. ಸೊಂಟದೆತ್ತರಕ್ಕೆ ನೆಟ್ಟ ಹಾಸುಗಲ್ಲು, ಮೇಲೆ ಇಂಗ್ಲಿಷ್ ಅಕ್ಷರ. ನಿಜಾಮರ ಕಾಲದಲ್ಲಿ ಒಬ್ಬ ಬಿಳಿಯ ದೊರೆ ಡೇರೆ ಹಾಕಿಕೊಂಡು, ಎಲ್ಲೆಲ್ಲಿ ಸುಣ್ಣದ ಕಲ್ಲು ಸಿಗುತ್ತದೆ ಎಂದು ನೆಲ ಅಳೆದನಂತೆ. ನಮ್ಮ ಅಜ್ಜನೇ ಅವನ ಅಳತೆಯ ಸರಪಳಿ ಎಳೆದವನು. ಮಳೆಗಾಲದಲ್ಲಿ ದೊರೆಗೆ ಜ್ವರ ಬಂತು. ಚಕ್ಕಡಿಯಲ್ಲಿ ಮಲಗಿಸಿ ತಾಂಡೂರು ಸ್ಟೇಷನ್ನಿಗೆ ಒಯ್ದರು. ಆಮೇಲೆ ಅವನು ಬರಲಿಲ್ಲ, ಅವನ ಹೆಸರಿನ ಕಲ್ಲು ಮಾತ್ರ ನಿಂತಿತ್ತು. ಬದುಕಿರುವವನ ಹೆಸರಲ್ಲಿ ನಮ್ಮ ಕಡೆ ಯಾರು ಕಲ್ಲು ನಿಲ್ಲಿಸುತ್ತಾರೆ? ಪಾಪ, ಪರದೇಶಿ ಸತ್ತ ಎಂದು ಊರು ತೀರ್ಮಾನಿಸಿತು. ಕುರಿಯ ಉಣ್ಣೆ ಕತ್ತರಿಸಿದಾಗಲೆಲ್ಲ ಒಂದು ಹಿಡಿ ಉಣ್ಣೆ, ಒಂದು ಚರಿಗೆ ಹಾಲು ಅವನಿಗೆ. ನನ್ನನ್ನು ಯಾರಾದರೂ ಹೆಸರು ಹಿಡಿದು ಕೂಗಿದರೆ ನಾನು ಒಂದು ಕ್ಷಣ ತಡೆದು ಓಗೊಡುತ್ತಿದ್ದೆ, ಮೊದಲು ಅವನು ಓಗೊಡಲಿ ಎಂದು. ಇದನ್ನು ನಿನಗೆ ಹೇಳಿರಲಿಲ್ಲ.

ನಾಡು ಹಂಚಿಹೋಗಿ ನಾವು ತೆಲುಗಿನ ಪಾಲಿಗೆ ಬಂದ ಮೇಲೆ ನಮ್ಮೂರ ಶಾಲೆಗೆ ಹೊಸ ಮಾಸ್ತರು ಬಂದರಲ್ಲ, ನೆನಪಿದೆಯೇ? ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆಯುತ್ತಾ ಅವರು ನಕ್ಕರು. ಕುತೂಹಲಕ್ಕೆ ನಮ್ಮಿಬ್ಬರ ಜೊತೆ ಕಲ್ಲಿನ ತನಕ ನಡೆದುಬಂದರು. ಉಣ್ಣೆ ಸರಿಸಿ, ಅರಿಶಿನ ಒರೆಸಿ ಓದಿದರು. ಹೆಸರಿನ ಕೆಳಗೆ ಒಂದು ಅಂಕಿ ಇತ್ತು. "ಮೂವತ್ತೊಂದಕ್ಕೇ ಹೋಗ್ಯಾನ ನೋಡಮ್ಮ, ಪಾಪ" ಅಂದು ಕೈ ಝಾಡಿಸಿಕೊಂಡು ಹೋದರು. ಅವರಿಗೆ ಅದು ಅಷ್ಟೇ. ನೀನು ಮಾತ್ರ ಅಲ್ಲೇ ಕುಸಿದು ಕೂತೆ. ಹೆಸರು ಕೊಟ್ಟವನು ತನ್ನ ಆಯುಷ್ಯವನ್ನೂ ಅಳೆದು ಕೊಟ್ಟಿದ್ದಾನೆ, ನನ್ನ ಮಗನದು ಮೂವತ್ತೊಂದೇ ವರ್ಷ ಎಂದು ನಿನ್ನ ತಲೆಯಲ್ಲಿ ಕೂತದ್ದು ಆವತ್ತೇ.

ನಾರಾಯಣಖೇಡದಿಂದ ಸೋದರಮಾವ ಮಗಳನ್ನು ಕೊಡುತ್ತೇನೆಂದು ಬಂದ ದಿನ ನೀನು ಹೋಳಿಗೆ ಮಾಡಿದ್ದೆ. ನಾನು ಆಗಷ್ಟೇ ತಾಂಡೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದೆ. ನೀಲವ್ವನನ್ನು ಕಂಡರೆ ನನಗೆ ಎಷ್ಟು ಇಷ್ಟವಿತ್ತು ಎಂದು ನಿನಗೆ ಗೊತ್ತಿತ್ತು. ಊಟ ಮುಗಿದ ಮೇಲೆ ನಿನ್ನ ಅಣ್ಣನಿಗೆ ಕೈಮುಗಿದು, "ಅಣ್ಣಾ, ಇವ ಮೂವತ್ತೊಂದು ದಾಟಲಿ. ಅಲ್ಲಿತನ ನಿನ್ ಮಗಳ ಕೊರಳಾಗ ತಾಳಿ ಕಟ್ಟಸಾಕ ನಾ ಒಲ್ಲೆ" ಅಂದುಬಿಟ್ಟೆ. ಮಾವ ಏಳು ವರ್ಷ ಕಾಯುತ್ತಾನೆಯೇ? ಮುಂದಿನ ಬೇಸಿಗೆಗೆ ಅವಳನ್ನು ಬೇರೆ ಕಡೆ ಕೊಟ್ಟ. ಮೊನ್ನೆ ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ಎರಡು ಮಕ್ಕಳ ಜೊತೆ. "ಭಾವಾ, ಇನ್ನಾ ಅದೀಯಲ್ಲ" ಅಂದಳು. ನಗುತ್ತಲೇ ಅಂದಳು. ನಾನೂ ನಕ್ಕೆ.

ಆ ಅಮಾವಾಸ್ಯೆಯ ಬೆಳಿಗ್ಗೆ ಹಾಲಿನ ಚರಿಗೆ ಹಿಡಿದು ನಿನ್ನ ಹಿಂದೆ ಬಂದವನು ನಾನೇ. ನನಗೆ ಆಗ ಇಪ್ಪತ್ತೊಂಬತ್ತು ತುಂಬಿ ಮೂವತ್ತು ನಡೆಯುತ್ತಿತ್ತು. ನೀನು ಕಲ್ಲಿಗೆ ಹಣೆ ಹಚ್ಚಿ ಹೇಳಿದ ಒಂದೊಂದು ಮಾತೂ ನನಗೆ ಕೇಳಿಸಿತು. "ದೊರೀ, ನಿನ್ ಹೆಸರು ಇಟ್ಟಾಕಿ ನಾ. ಇವಂದೇನು ತಪ್ಪಿಲ್ಲ. ಒಯ್ಯೂದಿದ್ರ ನನ್ನ ಒಯ್ಯಿ." ಮಗನಾದವನು ಓಡಿಬಂದು ನಿನ್ನ ಬಾಯಿ ಮುಚ್ಚಬೇಕಿತ್ತು. ನಾನು ಹತ್ತು ಹೆಜ್ಜೆ ಹಿಂದೆ ನಿಂತೇ ಇದ್ದೆ. ನಿಜ ಹೇಳುತ್ತೇನೆ ಅವ್ವಾ, ನನಗೆ ಸಮಾಧಾನ ಆಯಿತು. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋದ ಹಾಗೆ. ಆವತ್ತು ಮನೆಗೆ ಬಂದು ನಾನು ಮೂರು ರೊಟ್ಟಿ ತಿಂದೆ.

ಚಳಿಗಾಲದಲ್ಲಿ ನಿನಗೆ ಕೆಮ್ಮು ಹಿಡಿಯಿತು, ಆಮೇಲೆ ಜ್ವರ, ಪಕ್ಕೆನೋವು. ಅಪ್ಪ ಕುರಿ ಹೊಡೆದುಕೊಂಡು ಜಹೀರಾಬಾದಿನ ಕಡೆ ಹೋಗಿದ್ದ. ಮನೆಯಲ್ಲಿದ್ದವನು ನಾನೊಬ್ಬನೇ. ತಾಂಡೂರಿನ ದವಾಖಾನೆ ಎಷ್ಟು ದೂರ? ನಾನು ದಿನಾ ಅದರ ಮುಂದೆಯೇ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಹೊಸ್ತಿಲ ಹೊರಗೆ ನಿಂತು, "ದವಾಖಾನಿಗಿ ಹೋಗೂಣೇನು?" ಎಂದು ಕೇಳಿದೆ. "ಮಾತ್ ಕೊಟ್ಟೀನಿ ಮಗಾ. ಗುಳಗಿ ನುಂಗಿ ಮಾತ್ ಮುರೀಲೇನು?" ಅಂದೆ ನೀನು. ನಾನು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದೆ. ಒಂದೇ ಸಲ ಕೇಳಿದ್ದು, ಅದೂ ಹೊಸ್ತಿಲ ಹೊರಗಿನಿಂದ. ಎರಡನೆಯ ಸಲ ಕೇಳಿದ್ದರೆ ನೀನು ಹೂಂ ಅನ್ನುತ್ತಿದ್ದೆಯೋ ಏನೋ ಎಂಬ ಭಯಕ್ಕೆ ನಾನು...

ಆ ಚಳಿಗಾಲದಲ್ಲೇ ನೀನು ಹೋದೆ, ನೀನು ಕೊಟ್ಟ ಮಾತು ಊರಿಗೆಲ್ಲ ಗೊತ್ತಾಯಿತು. ಮೂವತ್ತೆರಡು ತುಂಬಿದ ದಿನ ನಾನು ಓಣಿಯಲ್ಲಿ ನಡೆದು ಬಂದರೆ ಹೆಂಗಸರು ನನ್ನ ಮುಖ ಮುಟ್ಟಿ ನೋಡಿದರು. ಅಂದಿನಿಂದ ಆ ಕಲ್ಲು ದೊರೆಯದಲ್ಲ, ನಿನ್ನದು. "ಚಂದ್ರವ್ವನ ಕಲ್ಲು" ಅನ್ನುತ್ತಾರೆ. ನಿನ್ನ ಹೆಸರು ಹೇಳಿ ಕುಂಕುಮ ಹಚ್ಚುತ್ತಾರೆ, ಜಡ್ಡಾದ ಮಕ್ಕಳನ್ನು ತಂದು ಮುಟ್ಟಿಸುತ್ತಾರೆ. ಮರುವರ್ಷ ನನ್ನ ಮದುವೆಯಾಯಿತು. ನಿನ್ನ ಸೊಸೆ ಶರಣಮ್ಮ ಝರಾಸಂಗದವಳು, ಜಗಳಗಂಟಿ. ನಿನಗೆ ಸರಿಯಾದ ಜೋಡಿಯಾಗುತ್ತಿದ್ದಳು. ಅಪ್ಪನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಸ್ಟೇಷನ್ ಮಾಸ್ತರರು ನನ್ನನ್ನು ಕರೆಸಿದರು. ಬೀದರ ಕಡೆಯವರು, ನಮ್ಮ ಹಾಗೆಯೇ ಮಾತಾಡುತ್ತಾರೆ. "ನಿನ್ ಹೆಸರಿನಾಂವ ಒಬ್ಬ ಇಂಗ್ಲೆಂಡಿಂದ ಕಾಗದ ಬರದಾನ ನೋಡಪ" ಅಂದರು.  ಬರೆದವನು ಒಬ್ಬ ಮುದುಕ, ನಿವೃತ್ತ ಶಾಲಾಮಾಸ್ತರ, ಅವನೂ ಬಾರ್ಗಿಲ್. ಅದು ಅವರ ಮನೆತನದ ಅಡ್ಡಹೆಸರು, ಆ ಹೆಸರಿನವರು ಭೂಮಿಯ ಮೇಲೆ ಬಹಳ ಕಡಿಮೆಯಂತೆ. ಎಲ್ಲೆಲ್ಲಿ ಇದ್ದಾರೆ ಎಂದು ಹುಡುಕಿ ನಕಾಶೆ ಮಾಡುವುದೇ ಅವನ ಕೆಲಸ. ನಮ್ಮವನೊಬ್ಬ ಹಿಂದೆ ನಿಮ್ಮ ಕಡೆ ಇದ್ದ, ಈಗ ಆ ಹೆಸರಿನವರು ಯಾರಾದರೂ ಇದ್ದಾರೆಯೇ ಎಂದು ಸ್ಟೇಷನ್ ಮಾಸ್ತರರನ್ನು ಕೇಳಿದ್ದ. ನಾವಿಬ್ಬರೂ ಸೇರಿ ಉತ್ತರ ಬರೆದೆವು: ನಿಮ್ಮವರು ಮೂವತ್ತೊಂದನೆಯ ವಯಸ್ಸಿಗೆ ಇಲ್ಲೇ ತೀರಿಕೊಂಡರು, ಗೋರಿ ಚೆನ್ನಾಗಿದೆ, ನಾವು ಹಾಲೆರೆಯುತ್ತೇವೆ, ಅವರ ಹೆಸರು ನನಗಿದೆ. ಬರೆಸುವಾಗ ನನಗೆ ಹೆಮ್ಮೆಯೇ ಇತ್ತು.

ಎರಡನೆಯ ಕಾಗದ ಮೂರು ತಿಂಗಳಿಗೆ ಬಂತು, ದಪ್ಪ ಲಕೋಟೆ. ಒಳಗೆ ನಕಾಶೆ. ಇಂಗ್ಲೆಂಡಿನ ಉತ್ತರದ ಗುಡ್ಡಗಳ ನಡುವೆ ಒಂದು ಹಳ್ಳ. ಆ ಹಳ್ಳದ ಹೆಸರೇ ಅವರ ಅಡ್ಡಹೆಸರು, ನಮ್ಮಲ್ಲಿ ಹಳ್ಳದವರು ಇರುವ ಹಾಗೆ. ಮೊದಲಿಗೆ ಅಲ್ಲಿ ಮೂರೇ ಮನೆ, ಮೂರೂ ಕುರಿ ಸಾಕುವವರದು. ಆಮೇಲೆ ಉಣ್ಣೆಯ ಗಿರಣಿಗಳಿದ್ದ ಪೇಟೆಗೆ ಇಳಿದರು. ಇಬ್ಬರು ಕೆನಡಾಕ್ಕೆ ಹೋದರು, ಒಂದು ಮನೆ ನ್ಯೂಜಿಲೆಂಡಿಗೆ. ಒಬ್ಬ ಹಡಗಿನಿಂದ ಬಿದ್ದು ಸತ್ತ. ಅವನಿಗಾಗಿ ಸಮುದ್ರದಲ್ಲೂ ಒಂದು ಚುಕ್ಕೆ ಇಟ್ಟಿದ್ದ ಮುದುಕ. ಈಗ ಆ ಮೂರು ಮನೆಗಳ ಮಾಡು ಬಿದ್ದಿದೆಯಂತೆ, ಹಳ್ಳದ ದಂಡೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಉಳಿದವರೆಲ್ಲ ಒಂದು ಹಾಳೆಯಲ್ಲಿ ಹಿಡಿಸುತ್ತಾರೆ. ಅದರಲ್ಲಿ ನಮ್ಮ ತಾಂಡೂರಿನ ಪಕ್ಕ ಹೊಸ ಮಸಿಯ ಒಂದು ಚುಕ್ಕೆ, ಅದು ನಾನು.

ಸ್ಟೇಷನ್ ಮಾಸ್ತರರು ನಕಾಶೆ ಮಡಚಿ ಕಾಗದದ ಉಳಿದ ಭಾಗವನ್ನು ಕನ್ನಡದಲ್ಲಿ ಓದಿ ಹೇಳಿದರು. ಓದುತ್ತಾ ಅವರ ದನಿ ಸಣ್ಣದಾಯಿತು. ಆ ದೊರೆ ತನ್ನ ಕಾಕಾ, ಅವನು ಅಲ್ಲಿ ಸಾಯಲಿಲ್ಲ ಎಂದು ಬರೆದಿದ್ದ ಮುದುಕ. ಜ್ವರದಲ್ಲೇ ಮುಂಬಯಿ ತಲುಪಿ, ಹಡಗು ಹತ್ತಿ, ಊರಿಗೆ ಬಂದು ಚೇತರಿಸಿಕೊಂಡ. ಮದುವೆಯಾಗಲಿಲ್ಲ, ತೋಟ ಮಾಡಿಕೊಂಡಿದ್ದ, ಎಂಬತ್ತು ದಾಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪ್ರಾಣ ಬಿಟ್ಟ. ಅಳತೆ ಮಾಡುತ್ತಾ ಸಾಲಾಗಿ ಕಲ್ಲು ನೆಟ್ಟು ಒಂದು, ಎರಡು ಎಂದು ಅಂಕಿ ಕೊರೆಸುತ್ತಿದ್ದನಂತೆ. ಮೂವತ್ತೊಂದನೆಯದಕ್ಕೆ ಜ್ವರ ಬಂತು. ಇದೇ ನನ್ನ ಕೊನೆಯ ಕಲ್ಲು ಎಂದು ಅದರ ಮೇಲೆ ತನ್ನ ಹೆಸರನ್ನೂ ಕೊರೆಸಿದ. ಅವನು ಸತ್ತ ತಾರೀಖು ಕಾಗದದಲ್ಲಿತ್ತು. ಮಾಸ್ತರರಿಂದ ಎರಡು ಸಲ ಓದಿಸಿದೆ. ನೀನು ಹೋದ ಮರುವರ್ಷದ್ದು. ನೀನು ಕಲ್ಲಿಗೆ ಹಣೆ ಹಚ್ಚಿ, ಒಯ್ಯೂದಿದ್ರ ನನ್ನ ಒಯ್ಯಿ ಅಂದೆಯಲ್ಲ, ಆವತ್ತು ಅವನು ಎಲ್ಲೋ ಚಹಾ ಕುಡಿಯುತ್ತಾ ಕೂತಿದ್ದ.

ಮನೆಗೆ ಬಂದವನೇ ಹಿತ್ತಿಲಿಗೆ ಹೋದೆ. ನೀನು ಬಟ್ಟೆ ಒಗೆಯುತ್ತಿದ್ದ ಹಾಸುಗಲ್ಲು ಅಲ್ಲೇ ಇತ್ತು. ಅಜ್ಜ ಹೊಲದ ದಾರಿಯಿಂದ ಕಿತ್ತು ತಂದದ್ದು ಎಂದು ನೀನೇ ಹೇಳುತ್ತಿದ್ದೆ. ನಾಲ್ಕು ಮಂದಿಯನ್ನು ಕರೆದು ಅದನ್ನು ಮಗುಚಿ ಹಾಕಿಸಿದೆ. ಮಣ್ಣು ತೊಳೆದರೆ ಅಂಕಿ ಕಾಣಿಸಿತು, ಇಪ್ಪತ್ತೆಂಟು. ಸಾಲಿನ ಉಳಿದ ಕಲ್ಲುಗಳೂ ಹೀಗೇ ಯಾರ್ಯಾರದೋ ಮನೆ ಸೇರಿರಬೇಕು. ನನ್ನ ಆಯುಷ್ಯಕ್ಕಾಗಿ ಅಳುತ್ತಾ ನೀನು ದಿನಾ ಬಟ್ಟೆ ಬಡಿದದ್ದು ಅದರ ಬೆನ್ನ ಮೇಲೆ. ಯಾರೂ ಯಾಕೆ ಒಮ್ಮೆ ಅದನ್ನು ಮಗುಚಿ ನೋಡಲಿಲ್ಲ? ನಿನ್ನ ಮೇಲೆ ಸಿಟ್ಟು ಬಂತು, ಅವ್ವಾ. ಸಿಕ್ಕವರ ಮೇಲೆಲ್ಲ ಸಿಟ್ಟು ಬಂತು. ಎರಡು ದಿನ ಶರಣಮ್ಮನ ಹತ್ತಿರವೂ ಮಾತಾಡಲಿಲ್ಲ. ಈಗ ಯಾರಾದರೂ ನನ್ನ ಹೆಸರು ಕೂಗಿದರೆ ತಡೆದು ನಿಲ್ಲುವುದು ತಪ್ಪಿಲ್ಲ. ಮೊದಲು ಓಗೊಡಬೇಕಾದವನು ಅಲ್ಲಿಲ್ಲ ಎಂದು ಗೊತ್ತು, ಆದರೂ ಬೆನ್ನ ಹಿಂದೆ ಒಬ್ಬರು ಕೆಮ್ಮುತ್ತಾರೆ. ಅದು ನೀನೇ ಅಲ್ಲವೇ?

ಊರಿನಲ್ಲಿ ಯಾರಿಗೂ ನಾನು ಹೇಳಲಿಲ್ಲ. ಹೇಗೆ ಹೇಳಲಿ? ಹೆಂಗಸರು ನಿನ್ನ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದರು. ನಿನ್ನ ಮಗ ಎಂದು ನನಗೂ ನಾಲ್ಕು ಜನರ ನಡುವೆ ಜಾಗ ಇತ್ತು. ಸುಮ್ಮನಿದ್ದರೆ ಯಾರಿಗೇನು ನಷ್ಟ ಎಂದುಕೊಂಡೆ.

ಹೋದ ಸೋಮವಾರ ಸಂಜೆ ನಮ್ಮ ಓಣಿಯ ಈರಮ್ಮನ ಗಂಡ ಬಂದು ಅಂಗಳದಲ್ಲಿ ಕೂತ. ಅವಳ ಮಗಳಿಗೆ ಜಡ್ಡಾಗಿ ಗುಣವಾಗಿತ್ತು. ಮಗಳು ಮಲಗಿದ್ದಾಗ ಅವಳು ನಿನ್ನ ಕಲ್ಲಿಗೆ ಹೋಗಿ, ನಿನ್ನ ಹಾಗೆಯೇ ಮಾತು ಕೊಟ್ಟು ಬಂದಿದ್ದಳಂತೆ. ಈಗ ಅವಳಿಗೇ ಜ್ವರ, ಐದು ದಿನದಿಂದ ಅನ್ನ ಮುಟ್ಟಿಲ್ಲ, ದವಾಖಾನೆಗೆ ಒಲ್ಲೆ ಅನ್ನುತ್ತಾಳೆ. "ನೀ ಹೇಳಿದ್ರ ಕೇಳ್ತಾಳ" ಅಂದ. ನಾನು ಹೋದೆ. ಈ ಸಲ ಹೊಸ್ತಿಲು ದಾಟಿ ಒಳಗೆ ಹೋಗಿ ಅವಳ ತಲೆದಿಂಬಿನ ಹತ್ತಿರ ಕೂತೆ. ಮೂಲೆಯಲ್ಲಿ ಅವಳ ಅತ್ತೆ, ಪಕ್ಕದ ಮನೆಯ ಹೆಂಗಸರು ಎಲ್ಲ ಇದ್ದರು.

"ಈರಮ್ಮ, ಆ ಕಲ್ಲಿನ ತೆಳಗ ಯಾರೂ ಇಲ್ಲ" ಅಂದೆ. ದೊರೆ ಬದುಕಿ ಊರಿಗೆ ಹೋದದ್ದು, ಅಂಕಿಗಳು, ಇಪ್ಪತ್ತೆಂಟನೆಯ ಕಲ್ಲು, ಒಂದೊಂದಾಗಿ ಎಲ್ಲ ಹೇಳಿದೆ. ನೀನು ಕೊಟ್ಟ ಮಾತನ್ನು ಆ ಕಲ್ಲಿನಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ ಎಂದೂ ಹೇಳಿದೆ. ನನ್ನನ್ನು ಕ್ಷಮಿಸು. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಆಮೇಲೆ ಕಣ್ಣು ತೆರೆದು ನನ್ನನ್ನೇ ನೋಡಿದಳು.

"ಹಂಗಾದ್ರ ನಿಮ್ಮವ್ವ ಯಾಕ ಸತ್ಳಣ್ಣಾ?"

"ನಾ ದವಾಖಾನಿಗಿ ಒಯ್ಯಲಿಲ್ಲ, ಅದಕ್ಕ."

 ಮೂಲೆಯಲ್ಲಿದ್ದ ಮುದುಕಿ ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡಳು. ಈರಮ್ಮ ಕೈ ಊರಿ ಎದ್ದು, "ಕಂಬಳಿ ಕೊಡ್ರಿ" ಅಂದಳು. ಚಕ್ಕಡಿಯಲ್ಲಿ ತಾಂಡೂರಿನ ತನಕ ಅವಳ ತಲೆ ನನ್ನ ತೊಡೆಯ ಮೇಲಿತ್ತು.

ನಿನ್ನ ಮಗ,
ಬಾರ್ಗಿಲಪ್ಪ