ಕೊಕ್ಕೆಯ ಮೇಲಿನ ಹಳೆ ಬಣ್ಣ

ಕರೂರು, ದಾವಣಗೆರೆ
ಗುರುವಾರ, 12 ಡಿಸೆಂಬರ್ 2024

ತಂಗಿ ಕೀರ್ತನಾಗೆ,

ನಿನ್ನ ಸಿದ್ದಕ್ಕ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ಉಂಡುಟ್ಟು ಚೆನ್ನಾಗಿದ್ದೇವೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೆ ಈ ಕಾಗದ. ದಿನಾ ನಿಮ್ಮ ಹರಿಹರದಿಂದ ಶೆಡ್ಡಿನ ಕೆಲಸಕ್ಕೆ ಬಂದುಹೋಗುವ ಹಜೀರಾಬೀ ಕೈಯಲ್ಲಿ ಕಳಿಸುತ್ತೇನೆ. ಅರ್ಧಕ್ಕೆ ಮಡಿಸಿಡಬೇಡ, ಪೂರ್ತಿ ಓದು.

ಮೊದಲು ಒಂದು ಕಥೆ. ಇದನ್ನು ನಮಗೆಲ್ಲ ಮೊದಲ ಸಲ ಹೇಳಿದವರು ಕೆಂಚವೀರಪ್ಪ ಮೇಸ್ತ್ರಿ. ಮೂರು ವರ್ಷದ ಹಿಂದೆ, ನಮ್ಮ ಶೆಡ್ಡಿಗೆ ಪೌಡರ್ ಬಣ್ಣ ಹೊಡೆಯುವ ಗನ್ನು ಬಂದ ದಿನ. ನೀನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ನಿನಗೆ ಅದನ್ನು ಹೇಳಿದವಳು ನಾನು, ನೀನು ಬಂದ ಎರಡನೇ ದಿನ, ಮಂಡಕ್ಕಿ ತಿನ್ನುತ್ತಾ.

ಗನ್ನಿನ ಬಾಯಲ್ಲಿ ಒಂದು ಸೂಜಿ. ಅದನ್ನು ದಾಟಿ ಬರುವ ಪ್ರತಿ ಕಣಕ್ಕೂ ಒಂದೇ ಜಾತಿಯ ಚಾರ್ಜು ಹತ್ತುತ್ತದೆ. ಒಂದೇ ಚಾರ್ಜಿನವು ಒಂದನ್ನೊಂದು ಸಹಿಸುವುದಿಲ್ಲ. ಪಾಲಾದ ಅಣ್ಣತಮ್ಮಂದಿರ ಹಾಗೆ ದೂರ ದೂರ ಸರಿಯುತ್ತವೆ, ಅದಕ್ಕೇ ಪೌಡರು ಗಂಟುಕಟ್ಟದೆ ಹೊಗೆಯಂತೆ ಹರಡುತ್ತದೆ. ಎದುರಿಗೆ ತೂಗುಹಾಕಿದ ಕಬ್ಬಿಣದ ಪೆಟ್ಟಿಗೆ ಅವುಗಳಿಗೆ ತವರುಮನೆ, ಅಲ್ಲಿಗೇ ಓಡುತ್ತವೆ. ಮುಂದೆ ಜಾಗ ಸಾಲದಿದ್ದರೆ ಸುತ್ತಿಕೊಂಡು ಹಿಂಬದಿಗೂ ಹೋಗಿ ಅಂಟುತ್ತವೆ. ಆದರೆ ಆ ತವರಿಗೆ ನೆಲದ ಸಂಬಂಧ ಇರಬೇಕು. ಪೆಟ್ಟಿಗೆಯಿಂದ ಕೊಕ್ಕೆ, ಕೊಕ್ಕೆಯಿಂದ ಮೇಲಿನ ಕಂಬಿ, ಕಂಬಿಯಿಂದ ತಂತಿ, ತಂತಿಯಿಂದ ಹಿತ್ತಿಲಲ್ಲಿ ಉಪ್ಪು ಇದ್ದಿಲು ತುಂಬಿದ ಗುಂಡಿ. ಬೇಸಿಗೆಯಲ್ಲಿ ಆ ಗುಂಡಿಗೆ ಕೊಡ ನೀರು ಹೊಯ್ಯುವವಳು ನಾನು. ಹಾದಿ ಎಲ್ಲಿ ಕಡಿದರೂ ಬಂದ ಚಾರ್ಜು ಇಳಿಯಲಾಗದೆ ಪೆಟ್ಟಿಗೆಯಲ್ಲೇ ತುಂಬಿಕೊಳ್ಳುತ್ತದೆ. ಆಮೇಲೆ ಬರುವ ಕಣಗಳನ್ನು ಅದೇ ಹೊರಗೆ ದಬ್ಬುತ್ತದೆ.

ಮೇಸ್ತ್ರಿ ಕಥೆ ಮುಗಿಸಿ ಹೇಳಿದ್ದು ಇದು: "ಗನ್ನು ಹಿಡಿಯೋದು ದೊಡ್ಡದಲ್ಲವ್ವ. ಕೊಕ್ಕೆ ಕೆರೆಯೋದು ದೊಡ್ಡದು." ಪೆಟ್ಟಿಗೆಯ ಜೊತೆ ಕೊಕ್ಕೆಗೂ ಬಣ್ಣ ಕೂತು, ಓವನ್ನಿನಲ್ಲಿ ಬೆಂದು, ಪ್ಲಾಸ್ಟಿಕ್ಕಿನ ಅಂಗಿ ತೊಟ್ಟಂತಾಗುತ್ತದೆ. ಆ ಅಂಗಿಯೊಳಗಿಂದ ಚಾರ್ಜು ದಾಟುವುದಿಲ್ಲ. ಅರದಿಂದ ಕೆರೆದು ಕಬ್ಬಿಣ ಮಿಂಚಿಸಬೇಕು. ಕೆರೆಯುವುದು, ತೂಗುಹಾಕುವುದು ನನ್ನ ಪಾಲಿಗೆ ಬಂತು. ಮೇಸ್ತ್ರಿ ಕೆಲಸ ಬಿಟ್ಟ ಮೇಲೆ ಗನ್ನೂ ನನ್ನ ಕೈಗೆ ಬಂತು.

ಆಮೇಲೆ ನೀನು ಬಂದೆ.

ಸುಳ್ಳೇಕೆ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಪೆಟ್ಟಿಗೆಯ ಒಳಮೂಲೆಗೆ ಪೌಡರು ಹೋಗದೆ ನಾನು ಒದ್ದಾಡುತ್ತಿದ್ದೆ. ಹೋಗಲಿಲ್ಲವೆಂದರೆ ವೋಲ್ಟು ಏರಿಸುತ್ತಿದ್ದೆ. ಏರಿಸಿದಷ್ಟೂ ಅಂಚಿಗೆ ದಪ್ಪಗೆ ಕೂರುತ್ತಿತ್ತು, ಮೂಲೆ ಬೋಳು. ನೀನು ನಾಲ್ಕು ತಿಂಗಳಲ್ಲಿ ವೋಲ್ಟು ಇಳಿಸಿ, ಗಾಳಿ ಸಣ್ಣ ಮಾಡಿ, ಮೂಲೆಯನ್ನು ಮೊದಲು ಮುಗಿಸಿ ಆಮೇಲೆ ಅಂಚಿಗೆ ಬಂದೆ. ಸೆಳೆತವೆಲ್ಲ ಅಂಚಿನ ಕಡೆಗೇ ಇರುತ್ತದೆ, ಜೋರು ಮಾಡಿದರೆ ಒಳಗೆ ಹೋಗುವ ಕಣಗಳೂ ಅಲ್ಲೇ ಸಿಕ್ಕಿಬೀಳುತ್ತವೆ ಅಂದೆಯಲ್ಲ. ನನಗೆ ಅಷ್ಟು ದಿನ ಗನ್ನು ಹಿಡಿದರೂ ಹೊಳೆಯದ್ದು. ಮಾಲೀಕ ಕೊಟ್ಟೂರೇಶ್ ಬಂದವರಿಗೆಲ್ಲ, "ಕೈ ಅಂದ್ರ ಕೀರ್ತನಾಂದು ನೋಡ್ರಿ," ಅನ್ನತೊಡಗಿದರು. ಚಹಾ ಬಂದರೆ ಮೊದಲ ಲೋಟ ನಿನಗೆ. ನಾನು ಮತ್ತೆ ಅರ ಹಿಡಿದು ಕೊಕ್ಕೆಯ ಬಕೀಟಿನ ಮುಂದೆ ಕೂತೆ. ನೀನು "ಸಿದ್ದಕ್ಕ, ನೀನು ಕಲಿಸಿದ್ದೇ," ಅಂದಾಗಂತೂ ಇನ್ನೂ ಉರಿಯುತ್ತಿತ್ತು. ನಿನ್ನ ದೊಡ್ಡ ಮನಸ್ಸೂ ನನಗೆ ಕಣ್ಣುಕಿಸುರಾಗಿತ್ತು.

ಇನ್ನು ಕಳೆದ ತಿಂಗಳ ಆ ಸೋಮವಾರದ ಮಾತಿಗೆ ಬರುತ್ತೇನೆ. ಕರೆಂಟು ಪೆಟ್ಟಿಗೆಗಳ ಆರ್ಡರ್ ಕೊಡುವವರು ಕಣ್ಣೆದುರೇ ಒಂದಕ್ಕೆ ಬಣ್ಣ ಹೊಡೆದು ತೋರಿಸಿ ಅಂದರು. ನೀನು ಗನ್ನು ಒತ್ತಿದೆ. ಪೌಡರು ಒಂದಿಷ್ಟು ಕೂತ ಹಾಗೆ ಮಾಡಿ, ಬೀಸುವ ಕಲ್ಲಿನಿಂದ ಹಿಟ್ಟು ಉದುರಿದಂತೆ ಬಳಬಳ ಉದುರಿತು. ಗಾಬರಿಯಾಗಿ ಪೆಟ್ಟಿಗೆ ಮುಟ್ಟಿದೆ, ಶಾಕ್ ಹೊಡೆಸಿಕೊಂಡು ಹಾರಿದೆ. ಮತ್ತೊಂದು ಸಲ ಹೊಡೆದೆ. ಅದೇ ಗತಿ. ನೀನು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಗನ್ನು ನನ್ನ ಕೈಯಲ್ಲಿತ್ತು, ಪೆಟ್ಟಿಗೆ ಬೂದುಬಣ್ಣ ಮೆತ್ತಿಕೊಂಡು ನಿಂತಿತ್ತು. ಬಂದವರು ಚಪ್ಪಾಳೆ ತಟ್ಟಿದರು. ಕೊಟ್ಟೂರೇಶ್ ನಿನ್ನ ಕಡೆ ತಿರುಗಿ, "ಇವತ್ತು ನಿನ್ ಕೈಗುಣ ಸರಿ ಇಲ್ಲ ಬಿಡವ್ವ," ಅಂದರು. ನೀನು ಕೈಯಲ್ಲಿದ್ದ ಮಾಸ್ಕು ಮೇಜಿನ ಮೇಲಿಟ್ಟು ಬಸ್ಸಿಗೆ ಹೋದವಳು ಇವತ್ತಿಗೂ ಬಂದಿಲ್ಲ.

ಹಜೀರಾಬೀ ಹತ್ತಿರ ನಿನ್ನ ತಾಯಿ ಅತ್ತರಂತೆ. ನಿನ್ನ ಕೈಯೇ ಕೆಟ್ಟದ್ದು ಅಂದುಕೊಂಡು ನೀನು ಬಾಗಿಲಿಗೆ ರಂಗೋಲಿ ಹಾಕುವುದನ್ನೂ ಬಿಟ್ಟಿದ್ದೀಯಂತೆ. ಬರುವ ಸೋಮವಾರ ಗುತ್ತೂರಿನ ಯಾವುದೋ ಕಾರ್ಖಾನೆಯಲ್ಲಿ ಚೀಲ ಹೊಲಿಯಲು ಸೇರುತ್ತೀಯಂತೆ. ಬ್ಯಾಡವ್ವ. ಅಂಥ ಕೈ ಚೀಲ ಹೊಲಿಯುವುದಕ್ಕಲ್ಲ.

ಇಲ್ಲಿ ನಾನು ಬಣ್ಣ ಹೊಡೆದ ನಲವತ್ತು ಪೆಟ್ಟಿಗೆ ವಾಪಸ್ ಬಂದಿವೆ, ಎಲ್ಲದರ ಮೂಲೆಯೂ ಬೋಳು. ಕೊಟ್ಟೂರೇಶ್ ನಿನ್ನನ್ನು ಕರೆಸು ಅನ್ನುತ್ತಿದ್ದಾರೆ. ಅವರು ಅಂದದ್ದಕ್ಕೇ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಅವತ್ತು ಆದದ್ದು ಇಷ್ಟೇ: ಕೊಕ್ಕೆ ಕೆರೆದಿರಲಿಲ್ಲ. ಕೆಲಸದ ಒತ್ತಡದಲ್ಲಿ ನಾನು ಮರೆತೆ. ನಿನ್ನ ಕೈಯದೇನೂ ತಪ್ಪಿಲ್ಲ. ಇದನ್ನೇ ಇವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಮೇಸ್ತ್ರಿಯ ಕಥೆಯ ಸಮೇತ ಎಲ್ಲರಿಗೂ ಹೇಳಿದ್ದೇನೆ. ಸೋಮವಾರ ಬಂದುಬಿಡು.

ಇತಿ ನಿನ್ನ ಅಕ್ಕ,
ಮರುಳಸಿದ್ದಮ್ಮ

ಮೇಲಿನದರಲ್ಲಿ ಬಿಟ್ಟದ್ದು, ಶುಕ್ರವಾರ ಬೆಳಿಗ್ಗೆ:

ನಿನ್ನೆ ನನ್ನ ಕಥೆ ಕೇಳಿ ಎಲ್ಲರೂ ತಲೆಯಾಡಿಸಿದರು. ಹಜೀರಾಬೀ ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಅಲ್ಲ ಸಿದ್ದಕ್ಕ, ಕೊಕ್ಕೆ ಕೆಟ್ಟಿತ್ತು ಅಂದ್ರ ಅದೇ ಪೆಟ್ಗಿಗೆ ನಿನ್ ಕೈಯಾಗ ಹೆಂಗ್ ಹಿಡೀತು?" ಅಂದಳು. "ಅದು ನನ್ ಕೈಗುಣ ಕಣೆ," ಅಂತ ನಕ್ಕು ಕೈ ತೊಳೆದೆ.

ಇವತ್ತು ನಾನು ಬರುವಷ್ಟರಲ್ಲಿ ಬಕೀಟಿನಿಂದ ಬೆರಳುದಪ್ಪ ಬಣ್ಣ ಮೆತ್ತಿದ ಕೊಕ್ಕೆಯೊಂದನ್ನು ಆರಿಸಿ, ಅದಕ್ಕೆ ಪೆಟ್ಟಿಗೆ ತೂಗುಹಾಕಿ, ಎಲ್ಲರೂ ಸುತ್ತ ನಿಂತಿದ್ದರು. ಕೊಟ್ಟೂರೇಶರೂ ಇದ್ದರು. ಹಜೀರಾಬೀ ಗನ್ನು ತಂದು ನನ್ನ ಕೈಗಿಟ್ಟು, "ಹೊಡಿ ಅಕ್ಕ. ಕೈಗುಣ ನೋಡಾಣ," ಅಂದಳು. ಹೊಡೆದೆ. ಎಲ್ಲ ನನ್ನ ಕಾಲ ಮೇಲೆ ಉದುರಿತು. ಪೆಟ್ಟಿಗೆ ಮುಟ್ಟಿದರೆ ಮೊಣಕೈವರೆಗೂ ಜುಮ್ಮೆಂದಿತು. ಅವಳು ಪೆಟ್ಟಿಗೆ ಒರೆಸಿ, ಮಿಂಚುವ ಕೊಕ್ಕೆಗೆ ಹಾಕಿ, ಹುಟ್ಟಿದಾಗಿನಿಂದ ಗನ್ನು ಹಿಡಿಯದವಳು ತಾನೇ ಹೊಡೆದಳು. ಹಿಡಿಯಿತು.

ಆಮೇಲೆ ನಾನು ಬಾಯಿಬಿಟ್ಟೆ. ಆ ಸೋಮವಾರ ನಾನು ಮರೆತಿರಲಿಲ್ಲ ಕೀರ್ತನಾ. ಬಕೀಟು ತಡಕಾಡಿ ಅಂಥದ್ದೇ ಕೊಕ್ಕೆ ಆರಿಸಿ ಹಾಕಿದ್ದೆ. ನೀನು ಮುಖ ತೊಳೆಯಲು ಹೋದಾಗ ಪೆಟ್ಟಿಗೆ ಒರೆಸುವ ನೆಪದಲ್ಲಿ ಅದನ್ನು ತೆಗೆದು ಕೆರೆದದ್ದನ್ನು ಹಾಕಿದ್ದೆ. ಕೊಟ್ಟೂರೇಶ್ ನಿಮ್ಮ ಮನೆಗೆ ತಾನೇ ಬರುತ್ತೇನೆ ಅಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮೇಲಿನ ಕಾಗದ ಹರಿದು ಹೊಸದು ಬರೆಯುತ್ತೇನೆಂದರೆ ಹಜೀರಾಬೀ ಬಿಡಲಿಲ್ಲ. "ಸುಳ್ಳೂ ಇರ್ಲಿ. ಆಕಿ ಎರಡೂ ಓದ್ಲಿ," ಅಂದಳು.

ಇನ್ನು ಮೇಲೆ ನಿನ್ನ ಕೊಕ್ಕೆ ಕೆರೆಯುವವಳು ಅವಳೇ. ಆ ಕೆಲಸ ನನಗೆ ಕೊಡಬೇಡಿ ಅಂತ ನಾನೇ ಹೇಳಿದ್ದೇನೆ. ಯಾಕೆಂದರೆ ಇವತ್ತು ಅವಳ ಪೆಟ್ಟಿಗೆಗೆ ಬಣ್ಣ ಹಿಡಿದ ಕೂಡಲೇ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ನಿನ್ನ ಹೆಸರು, ಮತ್ತು ಇಷ್ಟೆಲ್ಲ ಆದಮೇಲೂ ನನಗೆ ಅದನ್ನು ಕೇಳಿ ಸಹಿಸಲಾಗಲಿಲ್ಲ.