ಸೊನ್ನೆಗೆ ಬಿದ್ದ ಮುಳ್ಳು

5 ಏಪ್ರಿಲ್, ಶನಿವಾರ. ಆಳಂದ

ಮತ್ತೆ ಸೊನ್ನೆ! ನಿನ್ನೆ ಸಂಜೆ ಅಫಜಲಪುರದಿಂದ ಬರುವಾಗ ಕಾರಿನ ಪೆಟ್ರೋಲ್ ಮುಳ್ಳು ಅರ್ಧದ ಮೇಲೆ ಮಹಾರಾಜನಂತೆ ನಿಂತಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದೆ — ರಣರಂಗದಲ್ಲಿ ಒರಗಿದ ಹೆಣ. ಗಾಡಿ ರಾತ್ರಿ ಎಲ್ಲಿತ್ತು? ಮೆಹಬೂಬನ ಅಂಗಳದಲ್ಲಿ. ನಮ್ಮ ಓಣಿಯೊಳಗೆ ಕಾರು ಹಿಡಿಯುವುದಿಲ್ಲ, ಯಾವತ್ತೂ ಅಲ್ಲೇ ನಿಲ್ಲುತ್ತದೆ. ಅವನ ಅಂಗಳ, ಅವನ ಗೇಟು... ಹೂಂ.

ಪಂಪಿಗೆ ಹೋಗಿ ಹಾಕಿಸಿದೆ. ಮುಳ್ಳು ಏಳಲಿಲ್ಲ. ಹಳೇ ಗಾಡಿ, ನಿದ್ದೆಬುರುಕ ಮುಳ್ಳು. ಬಂದು ಮೆಹಬೂಬನನ್ನೂ ಅವನ ಹಾರ್ಮೋನಿಯಂ ಪೇಟಿಯನ್ನೂ ಹತ್ತಿಸಿಕೊಂಡೆ. ಪೇಟಿ ಎಂದರೆ ಸಾಕ್ಷಾತ್ ಸರಸ್ವತಿ. ಡಿಕ್ಕಿಯಲ್ಲಿ ಇಡುವಂತಿಲ್ಲ, ಕಾಲ ಹತ್ತಿರ ಇಡುವಂತಿಲ್ಲ. ಹಿಂದಿನ ಸೀಟು ಪೂರಾ ಅದರದ್ದೇ. ಊರು ದಾಟುವಷ್ಟರಲ್ಲಿ ಮುಳ್ಳು ಎದ್ದು ಕೂತಿತ್ತು.

ಅಫಜಲಪುರದ ಹುಡುಗರ ನಾಟಕ ಹನ್ನೆರಡನೇ ತಾರೀಖಿಗೆ. ನಾನು ಕಲಿಸುವ ಮಾಸ್ತರ ನಿಜ, ಆದರೆ ಮೆಹಬೂಬನ ಪೇಟಿ ಇಲ್ಲದೆ ಅವರ ಬಾಯಿಂದ ಒಂದು ಪದ ಏಳುವುದಿಲ್ಲ. ಅದಕ್ಕೇ ನಾಲಿಗೆ ಕಚ್ಚಿಕೊಂಡಿದ್ದೇನೆ.

7 ಏಪ್ರಿಲ್

ಸೊನ್ನೆ. ಮತ್ತೆ ಹಾಕಿಸಿದೆ. ಮನೆಯಲ್ಲಿ ಹೆಂಡತಿ ಗೌರಾಬಾಯಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ, ಮಹಾರಾಯಿತಿ.

"ಕಳ್ಳ ಮೂರನೇ ಅಂಕಕ್ಕ ಸಿಗಬೇಕ್ರಿ. ನೀವು ಪಡದಾ ಏಳೂದ್ರಾಗೇ ಹಿಡಿದೀರಿ. ಮೊದಲ ಗಾಡಿ ಮಿಸ್ತ್ರಿಗಿ ತೋರಸ್ರಿ."

"ಮುಳ್ಳು ಸುಳ್ಳು ಹೇಳ್ತದೇನ?"

"ಮುಳ್ಳು ಹೇಳಂಗಿಲ್ಲ. ಮೂವತ್ತು ವರ್ಷದ ಗೆಳೆಯ ಹೇಳ್ತಾನ. ಹೌದಿಲ್ರಿ?"

ಹೆಂಗಸರಿಗೆ ಪತ್ತೇದಾರಿ ತಿಳಿಯುವುದಿಲ್ಲ. ಸಂಜೆ ಗಾಡಿ ನಿಲ್ಲಿಸುವಾಗ ಒಂದು ಉಪಾಯ ಮಾಡಿದೆ. ವೇಷದ ಡಬ್ಬಿಯಿಂದ ಕೆಂಪು ಬಣ್ಣ ತೆಗೆದು ಪೆಟ್ರೋಲ್ ಟಾಕಿಯ ಮುಚ್ಚಳಕ್ಕೆ ತೆಳ್ಳಗೆ ಬಳಿದೆ. ಮುಟ್ಟು, ಮಗನೇ, ಮುಟ್ಟು!

8 ಏಪ್ರಿಲ್

ಸೊನ್ನೆ! ಆದರೆ ಬಣ್ಣ ಹಚ್ಚಿದಂತೆಯೇ ಇದೆ. ಒಂದು ಗೆರೆ ಅಳಿಸಿಲ್ಲ. ಅಂದರೆ ಒರೆಸಿ, ಕದ್ದು, ಮತ್ತೆ ಬಳಿದಿದ್ದಾನೆ. ವೇಷದ ಬಣ್ಣ ಅವನ ಮನೆಯಲ್ಲಿಯೂ ಇದೆಯಲ್ಲ!

ಗೇಟು ತೆಗೆಯುವಾಗ ಮೆಹಬೂಬನ ಬೆರಳು ನೋಡಿದೆ. ಕೆಂಪು.

"ಗಡ್ಡಕ್ಕ ಮೆಹಂದಿ ಹಚ್ಚಿದ್ದೆನ್ರಿ ಮಾಸ್ತರ್ರೆ," ಅಂದ.

ನಾನು ಕೇಳಿರಲಿಲ್ಲ. ಕೇಳದೆ ಯಾಕೆ ಹೇಳಿದ?

9 ಏಪ್ರಿಲ್

ಸೊನ್ನೆ. ಹಾಕಿಸಿದೆ. ದಾರಿಯುದ್ದಕ್ಕೂ ಮೆಹಬೂಬ ಮೂರನೇ ಅಂಕದ ಪದಕ್ಕೆ ಹೊಸ ಧಾಟಿಯ ಚಾಲು ಗುನುಗುತ್ತ ಬಂದ. ಕದ್ದವನಿಗೆ ಇಷ್ಟು ನೆಮ್ಮದಿಯೇ!... ಚಾಲು ಚೆನ್ನಾಗಿತ್ತು, ಅದು ಬೇರೆ ಮಾತು.

10 ಏಪ್ರಿಲ್, ಗುರುವಾರ. ಅಫಜಲಪುರ, ಸಂಜೆ

ಬರೆಯಲು ಕೈ ಬರುತ್ತಿಲ್ಲ. ಆದರೂ.

ತಾಲೀಮು ಮುಗಿದಿತ್ತು. ಪೇಟಿ ಹಿಂದಿನ ಸೀಟಿನಲ್ಲಿ, ಮೆಹಬೂಬ ನನ್ನ ಪಕ್ಕ, ಇಂಜಿನ್ ಚಾಲೂ. ಹುಡುಗರೆಲ್ಲ ಕಳಿಸಲು ಸುತ್ತ ನಿಂತಿದ್ದರು. ಮುಳ್ಳು ಮುಕ್ಕಾಲಿಗೆ ಏರಿತ್ತು. ಅದನ್ನು ನೋಡಿ ಎದೆಯೊಳಗಿದ್ದದ್ದು ಗಂಟಲಿಗೆ ಬಂತು.

"ನೋಡ್ರೋ ಹುಡುಗ್ರಾ! ಈಗ ಮುಕ್ಕಾಲ್ ಅದ. ನಾಳಿ ಮುಂಜಾನಿ ಸೊನ್ನಿ! ಯಾರ ಅಂಗಳದಾಗ? ಈ ಕಳ್ಳನ ಅಂಗಳದಾಗ!"

ಮೆಹಬೂಬ ನನ್ನ ಮುಖ ನೋಡಿದ. "ಮಾಸ್ತರ್ರೆ, ಇದು ನಾಟಕದ ಮಾತೋ, ಖರೇ ಮಾತೋ?"

"ಖರೇ ಮಾತು!" ನನ್ನ ಧ್ವನಿ ಬಸ್ ಸ್ಟ್ಯಾಂಡಿಗೆ ಮುಟ್ಟಿರಬೇಕು.

ಇಳಿದ. ಹಿಂದಿನ ಬಾಗಿಲು ತೆಗೆದು ಪೇಟಿಯನ್ನು ಹೆಗಲಿಗೆ ಏರಿಸಿದ. "ಜೇವರ್ಗಿಗಿ ಮಗಳ ಮನಿಗಿ ಹೋಗ್ತೇನಿ," ಎಂದಷ್ಟೇ ಹೇಳಿ ನಡೆದ. ಬೆನ್ನಿಗೆ ಇನ್ನೊಂದು ಮಾತು ಎಸೆಯಬೇಕೆಂದು ಮುಳ್ಳಿನ ಕಡೆ ಕೈ ಚಾಚಿದೆ —

ಬೀಳುತ್ತಿತ್ತು. ನನ್ನ ಕಣ್ಣೆದುರೇ. ಮೆಲ್ಲಗೆ ಬಾಗಿ, ಸೊನ್ನೆಗೆ ಬಂದು ಮಲಗಿತು. ಟಾಕಿಯ ಹತ್ತಿರ ನರಪಿಳ್ಳೆ ಇಲ್ಲ.

ನಾಟಕದ ನಾಯಕ ಸಿದ್ದಲಿಂಗ ಮುಂದೆ ಹತ್ತಿದ. ಪಂಪಿಗೆ ಹೋದೆವು. ನಳಿಗೆ ಇಟ್ಟು ಸ್ವಲ್ಪ ಹಾಕುವಷ್ಟರಲ್ಲೇ ಪೆಟ್ರೋಲ್ ಉಕ್ಕಿ ನೆಲಕ್ಕೆ ಚೆಲ್ಲಿತು.

"ಟಾಕಿ ಕಂಠಮಟ ತುಂಬ್ಯಾದ್ರಿ ಯಜಮಾನ್ರ," ಅಂದ ಪಂಪಿನವನು.

ತುಂಬಿದೆ! ಯಾರೂ ಕದಿಯದ ಪೆಟ್ರೋಲಿನ ಮೇಲೆ ದಿನಾ ನಾನೇ ಪೆಟ್ರೋಲ್ ಸುರಿದಿದ್ದೇನೆ. ಪೇಟಿ ಇಳಿದಾಗಲೇ ಅಲ್ಲವೇ ಮುಳ್ಳು ಬಿದ್ದದ್ದು? ಸಿದ್ದಲಿಂಗನನ್ನು ಹಿಂದೆ, ಪೇಟಿಯ ಜಾಗದಲ್ಲಿ ಕೂಡಿಸಿದೆ. ಮುಳ್ಳು ಎದ್ದಿತು. ಇಳಿಸಿದೆ. ಬಿದ್ದಿತು. ಮತ್ತೆ ಹತ್ತಿಸಿದೆ. ಎದ್ದಿತು.

"ಮಾಸ್ತರ್ರೆ, ಇದು ಯಾವ ಸೀನಿನ ತಾಲೀಮ್ರಿ?"

ಸೀಟು ಎತ್ತಿದೆವು. ಅಡಿಯಲ್ಲಿ ಟಾಕಿಯ ದುಂಡು ತಟ್ಟೆ, ಮುಳ್ಳಿಗೆ ಹೋಗುವ ವೈರು. ತುದಿ ಸಡಿಲ. ಮೇಲೆ ಭಾರ ಬಿದ್ದರೆ ಅಂಟುತ್ತದೆ, ಭಾರ ಇಳಿದರೆ ಬಿಡುತ್ತದೆ.

ರಾತ್ರಿ ಪೇಟಿಯನ್ನು ಮೆಹಬೂಬ ಮನೆಯೊಳಗೆ ಒಯ್ಯುತ್ತಿದ್ದ. ಅಷ್ಟೇ ಅವನು ಮಾಡಿದ್ದು.

11 ಏಪ್ರಿಲ್, ಶುಕ್ರವಾರ. ಜೇವರ್ಗಿ

ಗಾಣಗಾಪುರದ ಮೇಲೆ ಒಬ್ಬನೇ ಬಂದೆ. ದಾರಿಯುದ್ದಕ್ಕೂ ಮಾತು ಕಟ್ಟಿದೆ, ಪ್ರಾಸ ಸಮೇತ. ಅವನ ಮಗಳು ನಸ್ರೀನ ಚಹಾ ಕೊಟ್ಟಳು. "ಅಬ್ಬಾ ನಮಾಜಿಗಿ ಹೋಗ್ಯಾರ್ರಿ ಕಾಕಾ." ಅವಳಿಗೆ ಗೊತ್ತೋ ಇಲ್ಲವೋ? ಚಹಾದಲ್ಲಿ ಸಕ್ಕರೆ ಇರಲಿಲ್ಲ. ಬೇಕೆಂದೇ ಇರಬೇಕು.

ಮೆಹಬೂಬ ಬಂದ. ನನ್ನ ಪ್ರಾಸವೆಲ್ಲ ಹಾರಿಹೋಯಿತು.

"ವೈರ್ ಬಿಚ್ಚಿತ್ತಪಾ ಮೆಹಬೂಬ..."

"ಹಂಗಾರ ಗುನ್ಹೆ ವೈರಿಂದು. ನಿಮ್ದಲ್ಲ."

"ನಂದು," ಅಂದೆ.

ಕಿವಿಗೆ ಕೈ ಹಿಡಿದ. "ಕೇಳಸ್ಲಿಲ್ರಿ. ಕಳ್ಳ ಅಂಬೂದು ಇಡೀ ಅಫಜಲಪುರಕ್ಕ ಕೇಳೂಹಂಗ ಅಂದೀರಿ."

ಎದ್ದು ಬಾಗಿಲಿಗೆ ಹೋಗಿ ನಿಂತೆ. "ತಪ್ಪು ನಂದು! ಮೆಹಬೂಬ ಕಳ್ಳ ಅಲ್ಲ! ನಾ ಹುಚ್ಚ!" ಎದುರುಮನೆಯ ಕಿಟಕಿ ತೆರೆಯಿತು. ಮೆಹಬೂಬ ನಗಲಿಲ್ಲ.

"ನಾಟಕಕ್ಕ ಬರ್ತೇನಿ. ಹುಡುಗರದೇನು ತಪ್ಪು? ಮುಂಜಾನಿ ಬಸ್ಸಿಗಿ."

"ಗಾಡಿ ಅದಲ್ಲ—"

"ಬಸ್ಸಿಗಿ."

12 ಏಪ್ರಿಲ್, ಮುಂಜಾನೆ. ಜೇವರ್ಗಿ, ನಸ್ರೀನಳ ಮನೆಯ ಮುಂದೆ

ಲಾಡ್ಜಿನಿಂದ ನೇರ ಇಲ್ಲಿಗೆ. ಇಂಜಿನ್ ಚಾಲೂ. ಗೌರಾಬಾಯಿ ಫೋನಿನಲ್ಲಿ ಅಂದಳು, "ಇನ್ನಾರೆ ಆ ವೈರ್ ಕಟ್ಟಸ್ರಿ." ಕಟ್ಟಿಸಿಲ್ಲ. ಕಟ್ಟಿಸುವುದಿಲ್ಲ. ಟಾಕಿ ತುಂಬಿದ್ದರೂ ಮುಳ್ಳು ಸೊನ್ನೆಯಲ್ಲೇ ಬಿದ್ದಿರಲಿ, ಪೇಟಿ ಬಂದು ಕೂತಾಗಲೇ ಏಳಲಿ.

ಹಿಂದಿನ ಸೀಟು ಒರೆಸಿದ್ದೇನೆ. ಬಾಗಿಲಿಗೆ ಲಾಕ್ ಹಾಕಿಲ್ಲ. ಮೆಹಬೂಬ ಸುಮ್ಮನೆ ಬಸ್ ಸ್ಟ್ಯಾಂಡಿನ ಕಡೆ ನಡೆದೇ ಬಿಟ್ಟರೆ? ಹಿತ್ತಿಲ ಕಡೆಯಿಂದ ಆಗಲೇ ಹೋಗಿರಬಹುದೇ?...

ಮನೆ ಬಾಗಿಲ ಚಿಲಕದ ಸಪ್ಪಳ. ಹೆಜ್ಜೆ. ತಿರುಗಿ ನೋಡುವ ಎದೆ ನನಗಿಲ್ಲ. ಕಣ್ಣು ಮುಳ್ಳಿನ ಮೇಲೆಯೇ ಇಟ್ಟಿದ್ದೇನೆ. ಹೆಜ್ಜೆ ಗಾಡಿಯ ಹತ್ತಿರ ನಿಂತಿತು. ಮುಳ್ಳು —